ಸಮಯ ಇದೆ ಸರ್, ಬಸ್ಸಿಲ್ಲ

ನಮ್ಮ ಕಾಲೇಜಿನಲ್ಲಿ ಪದವಿ ಪರೀಕ್ಷೆಯ ಮಧ್ಯಾಹ್ನದ ಅವಧಿ ಎರಡು ಗಂಟೆಗೆ ಶುರುವಾಗಿ ಐದಕ್ಕೆ ಮುಗಿಯುತ್ತದೆ. ನಾಲ್ಕೂವರೆಯ ಹೊತ್ತಿಗೆ ಎಲ್ಲ ಕೊಠಡಿಗಳಿಗೂ ಒಂದು ಸುತ್ತು ಹಾಕುವುದು ಮುಖ್ಯ ಅಧೀಕ್ಷಕನಾಗಿ ನನ್ನ ರೂಢಿ. ಅವತ್ತು ಅರ್ಥಶಾಸ್ತ್ರದ ಪತ್ರಿಕೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಹತ್ತು ಅಂಕದ ಪ್ರಶ್ನೆಯೊಂದಕ್ಕೆ ಶೀರ್ಷಿಕೆ ಬರೆದು, ಅದರ ಕೆಳಗೆ ಸ್ಕೇಲಿನಿಂದ ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತಳು. ‘ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲಮ್ಮ, ಕುಳಿತು ಬರೆ’ ಎಂದೆ. ‘ಸಮಯ ಇದೆ ಸರ್, ಬಸ್ಸಿಲ್ಲ’ ಎಂದಳು. ಅವಳ ಊರಿನ ಕೊನೆಯ ಬಸ್ಸು ಐದಕ್ಕೆ ಹೊರಡುತ್ತದೆ. ನಿಲ್ದಾಣಕ್ಕೆ ಹದಿನೈದು ನಿಮಿಷದ ನಡಿಗೆ.

ಮೌಲ್ಯಮಾಪಕರ ಕಣ್ಣಿಗೆ ಆ ಪುಟದಲ್ಲಿ ಬಸ್ಸು ಕಾಣುವುದಿಲ್ಲ. ಗೆರೆ ಎಳೆದ ಒಂದು ಶೀರ್ಷಿಕೆ ಮಾತ್ರ ಕಾಣುತ್ತದೆ. ಓದಿಲ್ಲ ಎಂದುಕೊಂಡು ಸೊನ್ನೆ ಹಾಕಿ ಮುಂದಿನ ಪತ್ರಿಕೆ ತೆಗೆಯುತ್ತಾರೆ. ನಾನೂ ಹಾಗೆಯೇ ಮಾಡಿದ್ದೇನೆ, ಎಷ್ಟೋ ವರ್ಷ.

ಮಧ್ಯಾಹ್ನ ಏಕೆ ಪರೀಕ್ಷೆ ಇಡುತ್ತೀರಿ ಎಂದು ಪೋಷಕರು ಕೇಳುತ್ತಾರೆ. ಬೆಳಗಿನ ಅವಧಿ ಭರ್ತಿಯಾಗಿರುತ್ತದೆ, ಅದಕ್ಕೆ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿ, ಹೊಸ ಪಠ್ಯಕ್ರಮ ತಂದದ್ದಾಯಿತು. ಆ ವರ್ಷ ಮೊದಲ ವರ್ಷದವರಿಗೆ ಹೊಸತು, ಎರಡನೆಯ ಮತ್ತು ಮೂರನೆಯ ವರ್ಷದವರಿಗೆ ನೀತಿಯದು, ಹಳೆಯ ಬಾಕಿ ಉಳಿಸಿಕೊಂಡವರಿಗೆ ಅದಕ್ಕೂ ಹಿಂದಿನದು. ಒಂದೇ ವಿಷಯಕ್ಕೆ ಮೂರು ಪ್ರಶ್ನೆಪತ್ರಿಕೆ. ಅದರ ಮೇಲೆ ಬಿ.ಎ. ವಿಷಯಗಳ ಜೋಡಣೆ ಬೇರೆ. ಇತಿಹಾಸದ ಜೊತೆ ಸಮಾಜಶಾಸ್ತ್ರ ತೆಗೆದುಕೊಂಡವನು, ಐಚ್ಛಿಕ ಕನ್ನಡದ ಜೊತೆ ರಾಜ್ಯಶಾಸ್ತ್ರ ತೆಗೆದುಕೊಂಡವಳು, ಯಾರಿಗೂ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬೀಳಬಾರದು. ಹೀಗೆ ಹೊಂದಿಸುತ್ತ ಹೋದಂತೆ ವೇಳಾಪಟ್ಟಿ ಐದಾರು ವಾರಕ್ಕೆ ಹಿಗ್ಗುತ್ತದೆ. ಸಂಕೇತ ಸಂಖ್ಯೆಯಲ್ಲಿ ಒಂದೇ ಒಂದು ಅಂಕಿ ಬೇರೆಯಿದ್ದ ಲಕೋಟೆಯನ್ನು ನಮ್ಮ ಕೇಂದ್ರದಲ್ಲಿ ಒಮ್ಮೆ ತಪ್ಪಾಗಿ ಒಡೆದೆವು. ಒಬ್ಬನೇ ವಿದ್ಯಾರ್ಥಿ ಬರೆಯಬೇಕಿದ್ದ ಪತ್ರಿಕೆ ಅದು. ಸರಿಯಾದದ್ದು ಅವನ ಕೈ ಸೇರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಹೆಚ್ಚುವರಿ ಸಮಯ ಕೊಟ್ಟೆವು, ನಿಜ. ಆ ನಲವತ್ತು ನಿಮಿಷ ಅವನು ಮುಖ ಬೆವರಿಸಿಕೊಂಡು ಕುಳಿತದ್ದಕ್ಕೆ ಏನು ಕೊಡಲಾಗುತ್ತದೆ?

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಕಾಲೇಜಿನ ವರ್ಷವನ್ನು ಅಚ್ಚುಕಟ್ಟಾಗಿ ಹಂಚಿದ್ದಾರೆ: ಬೋಧನೆಗೆ 30 ವಾರ, ಪ್ರವೇಶ ಮತ್ತು ಪರೀಕ್ಷೆಗೆ 10, ರಜೆಗೆ 10, ಸಾರ್ವಜನಿಕ ರಜೆಗಳಿಗೆ 2. ಎರಡು ಸೆಮಿಸ್ಟರಿನ ಪರೀಕ್ಷೆ ತಲಾ ಐದು ವಾರ ನಡೆದರೆ ಆ ಹತ್ತು ವಾರ ಅಲ್ಲಿಗೇ ಖಾಲಿ. ಪ್ರವೇಶದ ದಿನಗಳನ್ನು ಎಲ್ಲಿಂದ ತರಬೇಕು? ಪಾಠದಿಂದಲೇ ತರುತ್ತೇವೆ. ನಮ್ಮಂತಹ ಕಾಲೇಜಿನಲ್ಲಿ ಪರೀಕ್ಷೆ ನಡೆಯುವುದೂ ಪಾಠ ನಡೆಯುವುದೂ ಅದೇ ಹದಿನಾಲ್ಕು ಕೊಠಡಿಗಳಲ್ಲಿ. ಮೂರನೆಯ ಸೆಮಿಸ್ಟರಿನವರು ಬರೆಯುತ್ತಿರುವಾಗ, ಬರೆದು ಮುಗಿಸಿದವರ ಮುಂದಿನ ಸೆಮಿಸ್ಟರ್ ಕಾಗದದ ಮೇಲೆ ಶುರುವಾಗಿರುತ್ತದೆ. ಹಾಜರಿ ಪುಸ್ತಕದಲ್ಲಿ ದಿನಾಂಕವಿರುತ್ತದೆ, ಕುಳಿತುಕೊಳ್ಳಲು ಬೆಂಚಿರುವುದಿಲ್ಲ.

ಪಾಠ ಮಾಡಬೇಕಾದವರು ತಾನೇ ಎಲ್ಲಿರುತ್ತಾರೆ? ಮೌಲ್ಯಮಾಪನ ಕೇಂದ್ರದಲ್ಲಿ. ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಳಗಿನ ಮೊದಲ ಹತ್ತು ಉತ್ತರ ಪತ್ರಿಕೆ ಓದುವಾಗ ಇರುವ ತಾಳ್ಮೆ ಸಂಜೆಯ ಕೊನೆಯ ಹತ್ತಕ್ಕೆ ಇರುವುದಿಲ್ಲ. ಇರುತ್ತದೆ ಎನ್ನುವ ಸಹೋದ್ಯೋಗಿಗಳ ಮಾತನ್ನು ನಾನು ನಂಬುವುದಿಲ್ಲ. ಪರೀಕ್ಷೆ ತಡವಾದಷ್ಟೂ ‘ಫಲಿತಾಂಶ ಬೇಗ ಕೊಡಿ’ ಎಂಬ ಒತ್ತಡ ಮೇಲಿನಿಂದ ಹೆಚ್ಚುತ್ತದೆ, ಕಟ್ಟುಗಳು ಬೇಗ ಬೇಗ ಕರಗುತ್ತವೆ. ಆಮೇಲೆ ಮರುಮೌಲ್ಯಮಾಪನದ ಅರ್ಜಿಗಳ ರಾಶಿ.

ಅತಿಥಿ ಉಪನ್ಯಾಸಕರ ಪಾಡು ಇನ್ನೂ ಬೇರೆ. ಅವರ ಕೆಲಸ ಸೆಮಿಸ್ಟರಿಗೆ ಕಟ್ಟಿಹಾಕಿದ್ದು. ತರಗತಿ ಮುಗಿದ ದಿನ ನಾವು ಕೈಕುಲುಕಿ ಬೀಳ್ಕೊಡುತ್ತೇವೆ. ಪರೀಕ್ಷೆ ಒಂದು ತಿಂಗಳು ಮುಂದೆ ಹೋಯಿತು ಎಂದರೆ ನಮಗೆ ಅದೊಂದು ಸುತ್ತೋಲೆ, ಅವರಿಗೆ ಒಂದು ತಿಂಗಳ ಮನೆ ಬಾಡಿಗೆ.

ಪತ್ರಿಕೆಗಳ ನಡುವೆ ಬಿಡುವು ಸಿಕ್ಕಿದರೆ ವಿದ್ಯಾರ್ಥಿಗಳಿಗೆ ಒಳ್ಳೆಯದಲ್ಲವೇ ಎಂದು ನಾನೂ ಬಹಳ ಕಾಲ ವಾದಿಸುತ್ತಿದ್ದೆ. ಒಂದೆರಡು ದಿನದ ಬಿಡುವು ಒಳ್ಳೆಯದೇ. ಎಂಟು ದಿನ ಸಿಕ್ಕಿದರೆ ಪುಸ್ತಕ ಮುಚ್ಚಿಹೋಗುತ್ತದೆ. ನಮ್ಮದು ಅಡಿಕೆಯ ಸೀಮೆ. ಬೆಸ ಸೆಮಿಸ್ಟರಿನ ಪರೀಕ್ಷೆ ಡಿಸೆಂಬರ್-ಜನವರಿಗೆ ಬಿದ್ದರೆ ಸುಲಿಯುವ ಕೆಲಸ ಭರದಲ್ಲಿರುತ್ತದೆ. ಚೊಗರು ಹತ್ತಿ ಕಪ್ಪಾದ ಬೆರಳುಗಳಲ್ಲಿ ಹಾಲ್ ಟಿಕೆಟ್ ಹಿಡಿದುಕೊಂಡು ಬಂದ ಹುಡುಗನೊಬ್ಬನನ್ನು ‘ರಾತ್ರಿ ಓದಿದೆಯೇನಪ್ಪ’ ಎಂದು ಕೇಳಿದೆ. ‘ಹನ್ನೊಂದರವರೆಗೆ ಸುಲಿದೆ ಸರ್, ಆಮೇಲೆ ಓದಿದೆ’ ಎಂದ. ಆ ಬಿಡುವಿನಲ್ಲಿ ದುಡಿದ ಹಣದಿಂದಲೇ ಅವನು ಮುಂದಿನ ಸೆಮಿಸ್ಟರಿನ ಶುಲ್ಕ ಕಟ್ಟಿದ. ಹೀಗಾಗಿ ಬಿಡುವು ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದು ಯಾವಾಗ ಬರುತ್ತದೆಂದು ಅವನಿಗೆ ಮೊದಲೇ ಗೊತ್ತಿದ್ದಿದ್ದರೆ ಓದಿಗೂ ದುಡಿಮೆಗೂ ದಿನ ಹಂಚಿಕೊಳ್ಳುತ್ತಿದ್ದ.

ದಿನಾಂಕ ಕೆಟ್ಟದ್ದಿದ್ದರೂ ತಡೆದುಕೊಳ್ಳಬಹುದು, ಅಲುಗಾಡುವ ದಿನಾಂಕವನ್ನು ತಡೆದುಕೊಳ್ಳಲಾಗದು. ಕೆಲವು ಅಡಚಣೆಗಳು ನಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. 2023ರ ಮೇ 10ರಂದು ವಿಧಾನಸಭೆಗೆ, 2024ರ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭೆಗೆ ಮತದಾನ ನಡೆದಾಗ ಅಧ್ಯಾಪಕರು ಮತಗಟ್ಟೆಗೆ ಹೋಗಲೇಬೇಕಿತ್ತು. ಸಮ ಸೆಮಿಸ್ಟರಿನ ಪರೀಕ್ಷೆ ಜುಲೈಗೆ ಜಾರಿದರೆ ಮಲೆನಾಡಿನಲ್ಲಿ ಮಳೆ ಕಾದು ಕುಳಿತಿರುತ್ತದೆ. ಬೆಳಗಿನ ಜಾವ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ, ಅದು ನಮ್ಮ ಪರೀಕ್ಷೆಗೂ ಅನ್ವಯಿಸುತ್ತದೆಯೇ ಎಂದು ಕೇಳುವ ಕರೆಗಳು ಆರು ಗಂಟೆಯಿಂದಲೇ ಶುರು. ಅತ್ತ ಕಲಬುರಗಿ ಸೀಮೆಯಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಗುಮಾಸ್ತರು ಮನೆ ಸೇರಿದ ಮೇಲೆ ಎರಡು ಗಂಟೆಗೆ ಮಕ್ಕಳನ್ನು ಪರೀಕ್ಷೆಗೆ ಕೂರಿಸುವುದು ಯಾವ ನ್ಯಾಯವೋ ತಿಳಿಯದು.

ಮಳೆಗಾಲ, ಬಿಸಿಲು, ಅಡಿಕೆ ಕೊಯ್ಲು ಯಾವುದೂ ಹೇಳದೆ ಕೇಳದೆ ಬರುವಂಥದ್ದಲ್ಲ. ಸೆಮಿಸ್ಟರ್ ಶುರುವಾಗುವ ದಿನವೇ ಪರೀಕ್ಷೆಯ ಮೊದಲ ಮತ್ತು ಕೊನೆಯ ದಿನ ಪ್ರಕಟಿಸಿ, ಹಳೆಯ ಬಾಕಿಯವರಿಗೆ ರಜೆಯಲ್ಲಿ ಪ್ರತ್ಯೇಕ ಪರೀಕ್ಷೆ ಮಾಡಿದರೆ ಮುಖ್ಯ ವೇಳಾಪಟ್ಟಿ ಮೂರು ವಾರಕ್ಕೆ ಇಳಿಯುತ್ತದೆ ಎಂಬುದು ನನ್ನ ಅಂದಾಜು. ರಜೆ ಕಡಿಮೆಯಾಗುತ್ತದೆಂದು ನಮ್ಮ ಅಧ್ಯಾಪಕರೇ ಮೊದಲು ಗೊಣಗುತ್ತಾರೆ, ಅದೂ ಗೊತ್ತು.

ಆ ಹುಡುಗಿ ಎದ್ದು ಹೋದ ಮರುದಿನ ಬಸ್ ಡಿಪೊ ವ್ಯವಸ್ಥಾಪಕರನ್ನು ಕಂಡು, ಪರೀಕ್ಷೆಯ ದಿನಗಳಲ್ಲಿ ಐದರ ಬಸ್ಸನ್ನು ಅರ್ಧ ಗಂಟೆ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದೆ. ಅವರು ಗಡಿಬಿಡಿಯ ನಡುವೆಯೂ ಕೂರಿಸಿ ಚಹಾ ಕೊಟ್ಟರು. ‘ಧಾರಾಳವಾಗಿ ಮಾಡೋಣ ಸರ್, ನಿಮ್ಮ ವೇಳಾಪಟ್ಟಿಯನ್ನು ಒಂದು ತಿಂಗಳು ಮೊದಲು ಕೊಡಿ, ಚಾಲಕರ ಪಾಳಿ ಬದಲಿಸಬೇಕಾಗುತ್ತದೆ’ ಎಂದರು. ಮುಂದಿನ ಸೆಮಿಸ್ಟರಿನಲ್ಲಿ ವೇಳಾಪಟ್ಟಿ ನಮ್ಮ ಕೈ ಸೇರಿದ್ದು ಪರೀಕ್ಷೆಗೆ ಎಂಟು ದಿನ ಮೊದಲು. ಅದನ್ನು ಹಿಡಿದುಕೊಂಡು ಡಿಪೊಗೆ ಹೊರಡುವಷ್ಟರಲ್ಲಿ ಪರಿಷ್ಕೃತ ವೇಳಾಪಟ್ಟಿ ಬಂತು.