ಸೀಟು ಸಿಗುವುದು ಬೇರೆ, ಪದವಿ ಮುಗಿಸುವುದು ಬೇರೆ

ಹೆಮನ್ ಸ್ವೆಟ್ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅಂಚೆ ಹಂಚುತ್ತಿದ್ದ ಕಪ್ಪು ಜನಾಂಗದವರು. 1946ರಲ್ಲಿ ಅವರು ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರು. ಅವರ ಅರ್ಹತೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಚರ್ಮದ ಬಣ್ಣವೊಂದೇ ಅಡ್ಡಿ. ಅವರನ್ನು ಸೇರಿಸಿಕೊಳ್ಳುವ ಬದಲು ಟೆಕ್ಸಸ್ ಸರ್ಕಾರ ಕಪ್ಪು ಜನರಿಗೆಂದೇ ಬೇರೊಂದು ಕಾನೂನು ಶಾಲೆ ತೆರೆಯಿತು. ಸ್ವೆಟ್ ಒಪ್ಪಲಿಲ್ಲ, ಕೋರ್ಟಿನಲ್ಲಿ ಹೋರಾಡಿದರು. 1950ರ ಜೂನ್ 5ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆ ವರ್ಷವೇ ಅವರು ತರಗತಿಗೆ ಸೇರಿದರು.

ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ 1952ರಲ್ಲಿ ಸ್ವೆಟ್ ಪದವಿ ಪಡೆಯದೆಯೇ ಓದು ಬಿಟ್ಟರು. ವರ್ಷಗಳ ಹೋರಾಟದಲ್ಲಿ ಆರೋಗ್ಯ ಕೆಟ್ಟಿತ್ತು, ಸಂಸಾರ ಮುರಿದಿತ್ತು, ಕಾಲೇಜಿನಲ್ಲಿ ಕಿರುಕುಳವೂ ತಪ್ಪಿರಲಿಲ್ಲ. ಕೋರ್ಟು ಬಾಗಿಲು ತೆಗೆಸಿತ್ತು, ನಿಜ. ಒಳಗೆ ಹೋದವರು ಅಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಅದೇ ದಿನ ಬಂದ ಇನ್ನೊಂದು ತೀರ್ಪು ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಒಕ್ಲಹೋಮ ವಿಶ್ವವಿದ್ಯಾಲಯ ಜಾರ್ಜ್ ಮೆಕ್‌ಲಾರಿನ್ ಎಂಬ ಕಪ್ಪು ವಿದ್ಯಾರ್ಥಿಗೆ ಪ್ರವೇಶ ಕೊಟ್ಟಿತ್ತು. ಆದರೆ ತರಗತಿಯಲ್ಲಿ ಬೇರೆ ಜಾಗ, ಗ್ರಂಥಾಲಯದಲ್ಲಿ ಬೇರೆ ಮೇಜು, ಕ್ಯಾಂಟೀನಿನಲ್ಲೂ ಬೇರೆ ಮೇಜು. ಸಹಪಾಠಿಗಳ ಜೊತೆ ಮಾತಾಡಲು, ಚರ್ಚಿಸಲು ಬಿಡದಿದ್ದರೆ ಅದು ಸಮಾನ ಶಿಕ್ಷಣವಲ್ಲ ಎಂದು ಕೋರ್ಟ್ ಹೇಳಿತು. ಓದು ಅನ್ನುವುದು ಒಬ್ಬರೇ ಕೂತು ಮಾಡುವ ಕೆಲಸವಲ್ಲ ಎಂದು 1950ರಲ್ಲೇ ಗುರುತಿಸಿದ ತೀರ್ಪು ಅದು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಕಾನೂನು ಹೀಗೆ ಹೇಳಿದ ಮೇಲೂ ದಕ್ಷಿಣದ ರಾಜ್ಯಗಳು ಸುಲಭಕ್ಕೆ ಬಗ್ಗಲಿಲ್ಲ. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರುವಾಗ ಗಲಭೆಯಾಗಿ ಇಬ್ಬರು ಸತ್ತರು, ಸೈನ್ಯ ಬರಬೇಕಾಯಿತು. ಕಾವಲಿನ ನಡುವೆಯೇ ಓದಿ ಮರುವರ್ಷ ಅವರು ಪದವಿ ಪಡೆದರು.

ಸರ್ಕಾರದ ಹಣ ಹರಿಯತೊಡಗಿದ್ದು ಅದರ ನಂತರ. ಜನಾಂಗದ ಹೆಸರಿನ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಡ ಮಕ್ಕಳನ್ನು ಹೈಸ್ಕೂಲಿನಿಂದಲೇ ಕಾಲೇಜಿಗೆ ತಯಾರು ಮಾಡುವ 'ಅಪ್‌ವರ್ಡ್ ಬೌಂಡ್' ಯೋಜನೆ ಬಂತು. 1968ರಲ್ಲಿ, ಕಾಲೇಜು ಸೇರಿದವರಿಗೆ ಪಾಠದ ನೆರವು ಕೊಡುವ ಯೋಜನೆಯೂ ಇದಕ್ಕೆ ಸೇರಿತು. ಇಂಥ ನೆರವಿನ ಯೋಜನೆಗಳಿಗೆ ಒಟ್ಟಾಗಿ 'ಟ್ರಯೋ' ಅನ್ನುತ್ತಾರೆ. ಇಲ್ಲಿ ನೋಡುವುದು ಬಣ್ಣವನ್ನಲ್ಲ. ಮನೆಯ ಆದಾಯ ಎಷ್ಟು, ತಂದೆತಾಯಿ ಕಾಲೇಜು ಓದಿದ್ದಾರಾ, ಅಂಗವೈಕಲ್ಯ ಇದೆಯಾ ಅನ್ನುವುದನ್ನು. ಹಾಗಾಗಿಯೇ ಮುಂದಿನ ಕೋರ್ಟು ಜಗಳಗಳ ಹೊಡೆತ ಇವಕ್ಕೆ ನೇರವಾಗಿ ತಟ್ಟಲಿಲ್ಲ.

ವಿದ್ಯಾರ್ಥಿಗಳೂ ಸುಮ್ನೆ ಕೂರಲಿಲ್ಲ. 1970ರ ವಸಂತದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಮುಷ್ಕರ ಹೂಡಿ ತರಗತಿಗಳನ್ನು ನಿಲ್ಲಿಸಿದರು. 1973–74ರ ಹೊತ್ತಿಗೆ ನೂರಕ್ಕೆ ಹತ್ತು ಮಂದಿ ಕಪ್ಪು ವಿದ್ಯಾರ್ಥಿಗಳಿರಬೇಕು ಅನ್ನುವುದು ಅವರ ಬೇಡಿಕೆ. ಬಂದವರಿಗೆ ಓದಿನಲ್ಲಿ ನೆರವೂ ಬೇಕೆಂದು ಕೇಳಿದರು. ಆಡಳಿತ ಆ ಗುರಿಯನ್ನು ಒಪ್ಪಿಕೊಂಡಿತು, ಆದರೆ ಗಡುವಿನೊಳಗೆ ಮುಟ್ಟಲಿಲ್ಲ.

ಆಮೇಲೆ ಚರ್ಚೆಯೆಲ್ಲ ಪ್ರವೇಶದ ಸುತ್ತಲೇ ಗಿರಕಿ ಹೊಡೆಯಿತು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಜನಾಂಗೀಯ ಅಲ್ಪಸಂಖ್ಯಾತರಿಗೆ ಇಟ್ಟಿತ್ತು. ಅಲನ್ ಬಕ್ಕಿ ಎಂಬ ಬಿಳಿಯ ಅಭ್ಯರ್ಥಿ ಇದನ್ನು ಪ್ರಶ್ನಿಸಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸೀಟು ಮೀಸಲಿಡುವುದು ತಪ್ಪು ಎಂದಿತು. ಆದರೆ ಹಲವು ಅಂಶಗಳ ನಡುವೆ ಜನಾಂಗವನ್ನೂ ಒಂದಾಗಿ ನೋಡಬಹುದು ಅಂದಿತು. ಈ ಸಣ್ಣ ದಾರಿಯಲ್ಲೇ ವಿಶ್ವವಿದ್ಯಾಲಯಗಳು 45 ವರ್ಷ ನಡೆದವು.

ನನ್ನ ಪ್ರಕಾರ ಆ ಕಾಲದ ದೊಡ್ಡ ಪಾಠ ಸಿಕ್ಕಿದ್ದು ಕೋರ್ಟಿನಲ್ಲಲ್ಲ, ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತ ತರಗತಿಯಲ್ಲಿ. 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಜಾಸ್ತಿ ಸಂಖ್ಯೆಯಲ್ಲಿ ಫೇಲಾಗುತ್ತಿದ್ದರು. ಯಾಕೆ ಎಂದು ಅಧ್ಯಾಪಕರನ್ನು ಕೇಳಿದರೆ, ಆಸಕ್ತಿ ಕಡಿಮೆ, ಬುನಾದಿ ಸರಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ ಎಂಬ ಉತ್ತರಗಳು ಬಂದವು. ಟ್ರೈಸ್‌ಮನ್ ಇದನ್ನು ನಂಬಿ ಕೂರಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, 20 ಚೀನಿ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದರು.

ಅಧ್ಯಾಪಕರ ಊಹೆ ಒಂದೂ ನಿಲ್ಲಲಿಲ್ಲ. ಆ ಕಪ್ಪು ವಿದ್ಯಾರ್ಥಿಗಳು ತಮ್ಮ ಹೈಸ್ಕೂಲಿನಲ್ಲಿ ಮುಂದಿದ್ದವರು. ಅವರ ಓದಿಗಾಗಿ ಮನೆಯವರು ಎಷ್ಟೋ ಕಷ್ಟ ನುಂಗಿದ್ದರು. ಅವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. 20ರಲ್ಲಿ 18 ಮಂದಿ ಸಹಪಾಠಿಗಳ ಜೊತೆ ಕೂತು ಓದಿದ್ದೇ ಇಲ್ಲ. ಚೀನಿ ಮೂಲದವರು ಮೊದಲು ತಾವೇ ಓದಿಕೊಂಡು, ಆಮೇಲೆ ಗುಂಪಾಗಿ ಸೇರುತ್ತಿದ್ದರು. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ತಪ್ಪಾದ ಲೆಕ್ಕ ನಿಜಕ್ಕೂ ಕಷ್ಟದ್ದು ಎಂದು ಅಲ್ಲೇ ಗೊತ್ತಾಗುತ್ತಿತ್ತು. ಒಂಟಿಯಾಗಿ ಕೂತವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ, ತನಗೇ ಬರುತ್ತಿಲ್ಲ ಅಂದುಕೊಳ್ಳುತ್ತಾನೆ, ಅಲ್ವಾ?

ಟ್ರೈಸ್‌ಮನ್ ಒಂದು ಕಾರ್ಯಾಗಾರ ಶುರುಮಾಡಿದರು. ಹಿಂದುಳಿದವರಿಗೆ ಸುಲಭದ ಪಾಠ ಅನ್ನುವ ಹಣೆಪಟ್ಟಿ ಅದಕ್ಕಿರಲಿಲ್ಲ. ಬದಲಿಗೆ ಇನ್ನೂ ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಲು ಹೇಳಿದರು. ಅಲ್ಲಿಗೆ ಬಂದ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳ ಫಲಿತಾಂಶ ಬಹಳ ಸುಧಾರಿಸಿತು. ಮಕ್ಕಳಲ್ಲಿ ಏನು ಕೊರತೆಯಿದೆ ಎಂದು ಹುಡುಕುವುದನ್ನು ಬಿಟ್ಟು ಕಾಲೇಜಿನ ವ್ಯವಸ್ಥೆಯಲ್ಲಿ ಏನು ಕೊರತೆಯಿದೆ ಎಂದು ನೋಡಿದ್ದಕ್ಕೆ ಸಿಕ್ಕ ಫಲ ಇದು.

ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಇದೇ ದಾರಿ ಹಿಡಿಯಿತು. 1988ರಲ್ಲಿ ಮೇಯರ್‌ಹಾಫ್ ದಂಪತಿಯ ದೇಣಿಗೆಯಿಂದ ಅಲ್ಲಿನ ಆಡಳಿತದಲ್ಲಿದ್ದ ಫ್ರೀಮನ್ ಹ್ರಬೌಸ್ಕಿ ಒಂದು ವಿದ್ಯಾರ್ಥಿವೇತನ ಆರಂಭಿಸಿದರು. ಮೊದಲ ತಂಡದಲ್ಲಿದ್ದವರು 19 ಕಪ್ಪು ಯುವಕರು. ತರಗತಿ ಶುರುವಾಗುವ ಮುಂಚೆ ಬೇಸಿಗೆ ಶಿಬಿರ, ಗುಂಪು ಅಧ್ಯಯನ, ಆರಂಭದಿಂದಲೇ ಪ್ರಯೋಗಾಲಯದ ಅನುಭವ. 1990ರಲ್ಲಿ ಯುವತಿಯರನ್ನು, 1996ರಲ್ಲಿ ಎಲ್ಲ ಜನಾಂಗದವರನ್ನು ಸೇರಿಸಿಕೊಂಡರು. ಇಲ್ಲಿ ಓದಿದ ಅನೇಕರು ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದರು.

ಹೊರಗೆ ಗಾಳಿ ಬದಲಾಗಿತ್ತು. ಸರ್ಕಾರಿ ಕಾಲೇಜುಗಳು ಪ್ರವೇಶದಲ್ಲಿ ಜನಾಂಗವನ್ನು ನೋಡಬಾರದು ಎಂದು 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ತೀರ್ಮಾನಿಸಿದರು. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಸಿಎಲ್‌ಎ) ಸೇರಲಿದ್ದ ಸುಮಾರು 5,000 ಹೊಸಬರಲ್ಲಿ ಕಪ್ಪು ವಿದ್ಯಾರ್ಥಿಗಳು 96 ಮಂದಿ ಮಾತ್ರ. ಅದೇ ವರ್ಷ ಮಿಷಿಗನ್ ಮತದಾರರೂ ಅದೇ ನಿರ್ಧಾರ ಮಾಡಿದರು. ಅಲ್ಲಿನ ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು 2006ರಲ್ಲಿ ಶೇ. 7ರಷ್ಟಿತ್ತು. 2021ಕ್ಕೆ ಶೇ. 4ಕ್ಕೆ ಇಳಿಯಿತು. 1970ರಲ್ಲಿ ನೂರಕ್ಕೆ ಹತ್ತು ಕೇಳಿದ್ದ ಜಾಗ ಅದು.

ಟೆಕ್ಸಸ್ ಬೇರೆ ಉಪಾಯ ಮಾಡಿತು. 1997ರ ಕಾನೂನಿನಂತೆ ರಾಜ್ಯದ ಯಾವುದೇ ಹೈಸ್ಕೂಲಿನ ಮೊದಲ ಶೇ. 10 ಮಂದಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಪ್ರವೇಶ. ಹಿಂದೆ ಒಬ್ಬರನ್ನೂ ಕಳಿಸದಿದ್ದ ಶಾಲೆಗಳಿಂದಲೂ ಮಕ್ಕಳು ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಆದರೆ ಬಂದವರು ಅಲ್ಲಿ ನಿಲ್ಲಬೇಕಿತ್ತಲ್ಲ. ಹಳೆಯ ಪ್ರಶ್ನೆ ಮತ್ತೆ ಎದುರಾಯಿತು.

ಅದಕ್ಕೆ ಅತ್ಯಂತ ಗಟ್ಟಿ ಉತ್ತರ ಬಂದದ್ದು ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಿಂದ. 2003ರಲ್ಲಿ ಅಲ್ಲಿ ಆರು ವರ್ಷದೊಳಗೆ ಪದವಿ ಮುಗಿಸುತ್ತಿದ್ದವರು ಶೇ. 32 ಮಾತ್ರ. ಆಡಳಿತದವರು ತಮ್ಮದೇ ದಾಖಲೆಗಳನ್ನು ಜಾಲಾಡಿದರು. ಪ್ರತಿ ಸೆಮಿಸ್ಟರಿನಲ್ಲಿ ನೂರಾರು ಮಂದಿಯ ಹೆಸರು ಶುಲ್ಕ ಬಾಕಿಯ ಕಾರಣಕ್ಕೆ ತೆಗೆದುಹಾಕಲ್ಪಡುತ್ತಿತ್ತು. ಎಷ್ಟೋ ಸಲ ಬಾಕಿ ಇದ್ದದ್ದು ಕೆಲವು ನೂರು ಡಾಲರ್. ಪದವಿಗೆ ಹತ್ತಿರ ಬಂದವರೂ ಅವರಲ್ಲಿದ್ದರು. 2011ರಿಂದ ವಿಶ್ವವಿದ್ಯಾಲಯವೇ ಆ ಬಾಕಿ ತುಂಬತೊಡಗಿತು. ವಿದ್ಯಾರ್ಥಿ ಅರ್ಜಿ ಹಾಕಬೇಕಿರಲಿಲ್ಲ, ಹಣ ನೇರ ಖಾತೆಗೆ ಬೀಳುತ್ತಿತ್ತು. 2012ರಿಂದ ಪ್ರತಿ ವಿದ್ಯಾರ್ಥಿಯ ಅಂಕ, ಆಯ್ದ ವಿಷಯಗಳನ್ನು ಕಂಪ್ಯೂಟರ್ ಗಮನಿಸುತ್ತದೆ. ದಾರಿ ತಪ್ಪುವ ಸುಳಿವು ಸಿಕ್ಕರೆ ಸಲಹೆಗಾರರೇ ಕರೆ ಮಾಡಿ ಮಾತಾಡುತ್ತಾರೆ. ಇದಕ್ಕಾಗಿ ಹೆಚ್ಚು ಸಲಹೆಗಾರರನ್ನೂ ನೇಮಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಪದವಿ ಮುಗಿಸುವವರು ಅರ್ಧಕ್ಕಿಂತ ಹೆಚ್ಚಾದರು. ಕಪ್ಪು, ಲ್ಯಾಟಿನೋ, ಬಡ ವಿದ್ಯಾರ್ಥಿಗಳು ಉಳಿದವರಷ್ಟೇ ಪ್ರಮಾಣದಲ್ಲಿ ಪದವಿ ಪಡೆಯತೊಡಗಿದರು. ಈ ನೆರವುಗಳಲ್ಲಿ ಯಾವುದೂ ಒಂದು ಜನಾಂಗಕ್ಕಷ್ಟೇ ಮೀಸಲಾಗಿರಲಿಲ್ಲ.

2023ರ ಜೂನ್ 29ರಂದು ಬಕ್ಕಿ ಪ್ರಕರಣ ತೆರೆದಿದ್ದ ಸಣ್ಣ ದಾರಿಯೂ ಮುಚ್ಚಿತು. ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಹೊಸಬರ ಪೈಕಿ ಕಪ್ಪು ವಿದ್ಯಾರ್ಥಿಗಳ ಪಾಲು ಮರುವರ್ಷವೇ ಶೇ. 10.5ರಿಂದ 7.8ಕ್ಕೆ ಇಳಿಯಿತು. ಟೆಕ್ಸಸ್‌ನಲ್ಲಿ 2024ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ಹಿನ್ನೆಲೆಯವರನ್ನೂ ಒಳಗೊಳ್ಳಲು ಕೆಲಸ ಮಾಡುತ್ತಿದ್ದ ವೈವಿಧ್ಯ ಕಚೇರಿಗಳ ಮೇಲೇ ನಿಷೇಧ ಬಂತು. ಆಸ್ಟಿನ್‌ನಲ್ಲಿ ವಿದ್ಯಾರ್ಥಿಗಳು ಕೂಡುತ್ತಿದ್ದ ಬಹುಸಂಸ್ಕೃತಿ ಕೇಂದ್ರವೂ ಮುಚ್ಚಿತು. ಇದು ನನಗೆ ಹೆಚ್ಚು ಆತಂಕ ತರುವ ಸಂಗತಿ. ಪ್ರವೇಶದ ನಿಯಮ ಬದಲಾದರೆ ಬರುವವರ ಸಂಖ್ಯೆ ಕುಗ್ಗುತ್ತದೆ. ಇಂಥ ಜಾಗ ಮುಚ್ಚಿದರೆ ಬಂದವರೂ ಒಂಟಿಯಾಗುತ್ತಾರೆ.

ಇಷ್ಟಾದರೂ ಶುಲ್ಕದ ಬಾಕಿ ತುಂಬುವುದಕ್ಕೆ, ಎಲ್ಲರಿಗೂ ತೆರೆದ ಗುಂಪು ಅಧ್ಯಯನಕ್ಕೆ, ಬಡ ಊರಿನ ಶಾಲೆಗಳಿಗೆ ಹೋಗಿ ಮಕ್ಕಳನ್ನು ಕರೆತರುವುದಕ್ಕೆ 2023ರ ಆ ತೀರ್ಪಿನಿಂದ ಅಡ್ಡಿಯಿಲ್ಲ. ಬೇಕಿರುವುದು ಹಣ, ಸಿಬ್ಬಂದಿ. ಹೊಸಬರ ಅಂಕಿಗಳು ಪ್ರತಿ ವರ್ಷ ಸುದ್ದಿಯಾಗುತ್ತವೆ. ಚಾಪೆಲ್ ಹಿಲ್‌ಗೆ 2024ರಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಪಡೆದರು ಎನ್ನುವುದು ಆರು ವರ್ಷದ ಲೆಕ್ಕದಲ್ಲಿ ಗೊತ್ತಾಗುವುದು 2030ಕ್ಕೆ.