ನಾಕಿಂಗ್: ಬೆಂಕಿಯ ಸದ್ದೇ, ಲೋಹದ ಸದ್ದೇ?

ಐದು ಜನರನ್ನು ಕೂರಿಸಿಕೊಂಡ ಪೆಟ್ರೋಲ್ ಕಾರು ಚಾರ್ಮಾಡಿ ಘಾಟಿಯ ಏರನ್ನು ನಾಲ್ಕನೆಯ ಗೇರಿನಲ್ಲೇ ಹತ್ತಲು ಹೊರಟರೆ, ಬಾನೆಟ್ಟಿನೊಳಗಿಂದ ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು ಕೇಳಿಸಬಹುದು. ಗೇರನ್ನು ಎರಡಕ್ಕೆ ಇಳಿಸಿದೊಡನೆ ಅದು ನಿಂತುಹೋಗುತ್ತದೆ. ಇನ್ನೊಂದು ಕಾರಿನಲ್ಲಿ, ಮನೆಯ ಮುಂದೆ ನಿಂತಿರುವಾಗಲೇ, ಇಂಜಿನ್ನಿನ ಅಡಿಯಿಂದ ಕೊಡತಿಯಲ್ಲಿ ಕುಟ್ಟಿದಂಥ ದಪ್ಪನೆಯ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಆ ಕುಟ್ಟುವಿಕೆ ಚುರುಕಾಗುತ್ತದೆ. ಎರಡಕ್ಕೂ ನಾವು ‘ನಾಕಿಂಗ್’ ಎಂದೇ ಹೆಸರಿಟ್ಟಿದ್ದೇವೆ. ಆದರೆ ಮೊದಲನೆಯದು ಬೆಂಕಿಯ ಸದ್ದು, ಎರಡನೆಯದು ಲೋಹದ ಸದ್ದು. ಈ ವ್ಯತ್ಯಾಸ ತಿಳಿಯದೆ ರಿಪೇರಿಗೆ ಕೈಹಾಕಿದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಇಂಜಿನ್ನೂ ಹೋಗುತ್ತದೆ.

ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಅಲ್ಲಿರುವ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವೆಲ್ಲ ಒಮ್ಮೆಗೇ ಸಿಡಿಯುವುದಿಲ್ಲ. ಒಣಹುಲ್ಲಿನ ಅಂಚಿಗೆ ಬೆಂಕಿ ತಗುಲಿದಂತೆ, ಜ್ವಾಲೆ ಪ್ಲಗ್ಗಿನಿಂದ ಹೊರಟು ಕ್ರಮವಾಗಿ ಹರಡುತ್ತದೆ. ಹರಡುತ್ತಾ ಹೋದಂತೆ ಅದು ಇನ್ನೂ ಉರಿಯದ ಭಾಗವನ್ನು ಒತ್ತಿ ಬಿಸಿಮಾಡುತ್ತದೆ. ಈ ಒತ್ತಡ ಮತ್ತು ಶಾಖವನ್ನು ತಾಳಲಾರದೆ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ, ಅಲ್ಲಿಂದೆದ್ದ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಸೆಕೆಂಡಿಗೆ ಸುಮಾರು 6,000ದಿಂದ 7,000 ಬಾರಿ ಕಂಪಿಸುತ್ತವೆ. ನಮಗೆ ಕೇಳುವ ಗೋಲಿಯ ಸದ್ದು ಇದೇ. ಹೆಚ್ಚು ಭಾರ, ಕಡಿಮೆ ವೇಗ, ಕಾದ ಇಂಜಿನ್: ಈ ಮೂರೂ ಕೂಡಿದಾಗ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಸಮಯವೂ ಸಿಗುತ್ತದೆ, ಶಾಖವೂ ಸಿಗುತ್ತದೆ. ಘಾಟಿಯಲ್ಲಿ ಗೇರ್ ಇಳಿಸಿದರೆ ಸದ್ದು ನಿಲ್ಲುವುದು ಇದಕ್ಕಾಗಿಯೇ.

ಆಕ್ಟೇನ್ ಸಂಖ್ಯೆ ಅಳೆಯುವುದು ತಾನಾಗಿ ಹೊತ್ತಿಕೊಳ್ಳದಿರುವ ಈ ತಾಳಿಕೆಯನ್ನೇ ಹೊರತು ಇಂಧನದ ಶಕ್ತಿಯನ್ನಲ್ಲ. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ಇರಬೇಕೆಂಬ ನಿಯಮ ಬಹುಕಾಲ ಇತ್ತು. ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ, ಸುಸ್ಥಿತಿಯಲ್ಲಿರುವ ಇಂಜಿನ್ನಿಗೆ ದುಬಾರಿ ಪೆಟ್ರೋಲ್ ಹಾಕಿದರೆ ಪಿಕಪ್ ಹೆಚ್ಚುತ್ತದೆಂಬ ನಂಬಿಕೆಗೆ ಆಧಾರವಿಲ್ಲ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಒಂದು ಸಂಯುಕ್ತವನ್ನು ಬೆರೆಸಿ ನಾಕಿಂಗ್ ಅಡಗಿಸುವ ದಾರಿ ಕಂಡುಕೊಂಡರು. ಆ ವಿಷ ದಶಕಗಟ್ಟಲೆ ಊರೂರ ಗಾಳಿಗೆ ಸೇರಿತು. ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ಈಗ ಬೆರೆಸುವ ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಎಥನಾಲಿನ ಬಗ್ಗೆ ಬೇರೆ ಆಕ್ಷೇಪಗಳಿರಬಹುದು, ನಾಕಿಂಗಿನ ಆರೋಪವನ್ನು ಮಾತ್ರ ಅದರ ಮೇಲೆ ಹೊರಿಸಲಾಗದು.

ಇಂದಿನ ಕಾರುಗಳಲ್ಲಿ ನಾಕ್ ಸೆನ್ಸರ್ ಈ ಕಂಪನವನ್ನು ಗುರುತಿಸಿದೊಡನೆ, ಇಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಗಳಿಗೆಯನ್ನು ತುಸು ತಡಮಾಡುತ್ತದೆ. ಸದ್ದು ಅಡಗುತ್ತದೆ, ಕಾರಣ ಉಳಿಯುತ್ತದೆ. ಚಾಲಕನ ಅನುಭವಕ್ಕೆ ಬರುವುದು ಎಳೆತ ಮತ್ತು ಮೈಲೇಜ್ ಕುಸಿದದ್ದಷ್ಟೇ. ಆದ್ದರಿಂದ ಸದ್ದು ಪದೇ ಪದೇ ಕೇಳಿಸುತ್ತಿದ್ದರೆ ಸೆನ್ಸರಿನ ಬೋಲ್ಟ್ ಸಡಿಲವಾಗಿದೆಯೇ, ಕೂಲೆಂಟ್ ಸಾಕಷ್ಟಿದೆಯೇ, ಪ್ಲಗ್ಗುಗಳು ತಯಾರಕರು ಹೇಳಿದ ಬಗೆಯವೇ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದೆಯೇ ಎಂದು ನೋಡಬೇಕು. ಸಿಎನ್‌ಜಿ ಕಿಟ್ ಇರುವ ಕಾರಾದರೆ ಒಂದು ಸುಲಭವಾದ ಪರೀಕ್ಷೆಯುಂಟು: ಸಿಎನ್‌ಜಿಯ ಆಕ್ಟೇನ್ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚಾದ್ದರಿಂದ, ಅದೇ ಏರಿನಲ್ಲಿ ಸಿಎನ್‌ಜಿಗೆ ಬದಲಿಸಿದಾಗ ಸದ್ದು ಮಾಯವಾದರೆ ಅದು ಬೆಂಕಿಯದು, ಎರಡರಲ್ಲೂ ಉಳಿದರೆ ಲೋಹವನ್ನು ಶಂಕಿಸಬೇಕು.

ಲೋಹದ ಸದ್ದುಗಳಲ್ಲಿ ಹಗುರವಾದದ್ದು, ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನದು. ಇಂಜಿನ್ನಿನ ಮೇಲ್ಭಾಗದಲ್ಲಿ ಟಿಕ್ ಟಿಕ್ ಎನ್ನುವ ಅದು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಒಮ್ಮೆ ಬರುತ್ತದೆ, ಅಲ್ಲಿನ ಕ್ಲಿಯರೆನ್ಸ್ (ಸಂದು) ಸರಿಪಡಿಸಿದರೆ ಬಹುಪಾಲು ಮುಗಿಯುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೇಳಿಸಿ, ಇಂಜಿನ್ ಬಿಸಿಯಾದಂತೆ ಅಡಗುವುದು ಸಾಮಾನ್ಯವಾಗಿ ಸವೆದ ಪಿಸ್ಟನ್ನಿನದು. ನಿಜವಾಗಿ ಹೆದರಬೇಕಾದದ್ದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗಿನ ಸದ್ದಿಗೆ. ರಾಡ್ ಮತ್ತು ಕ್ರ್ಯಾಂಕ್ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಅದನ್ನು ತುಂಬಿರುವ ಆಯಿಲ್ ಪೊರೆ ತೆಳುವಾದರೆ ಲೋಹ ಲೋಹವನ್ನು ಕುಟ್ಟತೊಡಗುತ್ತದೆ. ಇದು ಇಂಜಿನ್ ಬಿಸಿಯಾದಂತೆ ಸಾಮಾನ್ಯವಾಗಿ ಹೆಚ್ಚುತ್ತದೆ, ಏಕೆಂದರೆ ಕಾದ ಆಯಿಲ್ ನೀರಾಗುತ್ತದೆ. ಇಂಥ ಸದ್ದು ಕೇಳಿದ ಗಳಿಗೆಯಲ್ಲೇ, ಅದರಲ್ಲೂ ಕೆಂಪು ಆಯಿಲ್ ದೀಪ ಹೊತ್ತಿದ್ದರೆ, ಇಂಜಿನ್ ಆರಿಸಿ ಕಾರನ್ನು ಎಳೆಸಿಕೊಂಡು ಹೋಗಬೇಕು. ಹತ್ತಿರದ ಗ್ಯಾರೇಜಿನವರೆಗೆ ಓಡಿಸಿದರೂ ರಾಡ್ ಮುರಿದು ಬ್ಲಾಕ್ ಒಡೆಯಬಹುದು. ಸದ್ದು ಅಡಗಲೆಂದು ದಪ್ಪ ಆಯಿಲ್ ಸುರಿದು ಕಾರನ್ನು ಮಾರುವವರಿದ್ದಾರೆ. ಕೊಳ್ಳುವವನ ಪ್ರಾಣಕ್ಕೂ ಅಪಾಯ ತರಬಲ್ಲ ಮೋಸವದು.

ಅನುಭವಿ ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಡೆದು ಕೇಳುತ್ತಾನೆ. ಯಾವುದನ್ನು ತಡೆದಾಗ ಕುಟ್ಟುವಿಕೆ ತಗ್ಗುತ್ತದೋ ಸಾಮಾನ್ಯವಾಗಿ ಅದರ ಬೇರಿಂಗೇ ಸವೆದಿರುತ್ತದೆ. ಬಳಿಕ ಇಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿರುವ ತಟ್ಟೆಯನ್ನು, ಅಂದರೆ ಆಯಿಲ್ ಸಂಪನ್ನು, ಇಳಿಸಿ ಕ್ರ್ಯಾಂಕನ್ನು ಅಳೆಯಬೇಕು. ಗೀರು ಬಿದ್ದಿದ್ದರೆ ಅದನ್ನು ಗ್ರೈಂಡ್ ಮಾಡಿಸಿ, ಸಣ್ಣದಾದ ಕ್ರ್ಯಾಂಕಿಗೆ ಹೊಂದುವಂಥ, ಸಾಮಾನ್ಯವಾಗಿ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಕೂರಿಸುತ್ತಾರೆ. ಆಯಿಲ್ ಪಂಪನ್ನೂ ಆಯಿಲ್ ದಾರಿಗಳನ್ನೂ ಜೊತೆಗೇ ಪರೀಕ್ಷಿಸದಿದ್ದರೆ ಹೊಸ ಬೇರಿಂಗೂ ಬಾಳದು. ಎಲ್ಲ ಜೋಡಿಸಿದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಇಂಧನವನ್ನು ತಡೆದು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಿಂದ ಇಂಜಿನ್ನನ್ನು ಬರಿದೇ ತಿರುಗಿಸಿ, ಹೊಸ ಬೇರಿಂಗುಗಳಿಗೆ ಆಯಿಲ್ ತಲುಪಿತೆಂದು ಖಚಿತವಾದ ನಂತರವೇ ಮೊದಲ ಕಿಡಿ ಕೊಡುತ್ತಾರೆ.