ಐಫೋನ್ ಕಾರ್ಖಾನೆಯಲ್ಲಿ ಗುತ್ತಿಗೆ ನೌಕರರ ಸಂಬಳ ಬಾಕಿ ಉಳಿದರೆ ಆಪಲ್ ಕೊಡಬೇಕೇ?

ಕಾನೂನಿನ ಪ್ರಕಾರ ಇಲ್ಲ. ಆಪಲ್‌ಗೆ ಭಾರತದಲ್ಲಿ ಸ್ವಂತ ಫೋನ್ ಕಾರ್ಖಾನೆಯೇ ಇಲ್ಲ. ಫಾಕ್ಸ್‌ಕಾನ್, ಟಾಟಾ ಎಲೆಕ್ಟ್ರಾನಿಕ್ಸ್‌ನಂಥವರು ಜೋಡಿಸಿ ಕೊಡುತ್ತಾರೆ. ಅವರ ಕೆಳಗೆ ಆಳು ಒದಗಿಸುವ ಏಜೆನ್ಸಿಗಳು. ಗುತ್ತಿಗೆ ನೌಕರರ ನೇಮಕಾತಿ ಪತ್ರದಲ್ಲಿ, ಪಿಎಫ್ ಪಾಸ್‌ಬುಕ್ಕಿನಲ್ಲಿ ಇರುವುದು ಏಜೆನ್ಸಿಯ ಹೆಸರು.

ಏಜೆನ್ಸಿ ಕೈಕೊಟ್ಟರೆ ಹೊಣೆ ಕಾರ್ಖಾನೆಯವರ ತಲೆಗೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕಾರ್ಖಾನೆ, ಅಂದರೆ ಪ್ರಿನ್ಸಿಪಲ್ ಎಂಪ್ಲಾಯರ್, ಮೊದಲು ಸಂಬಳ ಕೊಟ್ಟು ಆಮೇಲೆ ಏಜೆನ್ಸಿಯ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕಿತ್ತು. 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆಗ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ ಸಂಬಳದ ವಿಚಾರಕ್ಕೆ ನೌಕರರ ಗಲಾಟೆಯಾಯಿತಲ್ಲ, ಅದರ ಬೇರು ಲೆಕ್ಕದ ಪುಸ್ತಕದಲ್ಲೇ ಇತ್ತು. ನೌಕರರ ಸಂಖ್ಯೆ ಸ್ವಲ್ಪ ಕಾಲದಲ್ಲೇ 5,000ದಿಂದ 10,500ಕ್ಕೆ ಏರಿತ್ತು. ಅಕ್ಟೋಬರಿನಿಂದ 8 ಗಂಟೆಯ ಪಾಳಿ 12 ಗಂಟೆಯದಾಯಿತು. ಹಾಜರಿ ವ್ಯವಸ್ಥೆ ಸರಿಯಾಗಿ ದಾಖಲಿಸುತ್ತಿರಲಿಲ್ಲ ಎಂದು ಕಾರ್ಖಾನೆಗಳ ಇಲಾಖೆಯೇ ವರದಿ ಕೊಟ್ಟಿತು. ಹಾಜರಿ ತಪ್ಪಿದರೆ ಓಟಿ, ಅಂದರೆ ಹೆಚ್ಚುವರಿ ದುಡಿಮೆಯ ಲೆಕ್ಕ, ತಪ್ಪುತ್ತದೆ. ಆಗಿನ ಕಾರ್ಖಾನೆ ಕಾಯ್ದೆಯಂತೆ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ ದುಪ್ಪಟ್ಟು ದರ. ಗಂಟೆಗೆ 60 ರೂಪಾಯಿ ಎಂದಿಟ್ಟುಕೊಳ್ಳಿ: 12 ಗಂಟೆ ದುಡಿದವರಿಗೆ 900 ರೂಪಾಯಿ ಬರಬೇಕು. ದುಪ್ಪಟ್ಟು ದರ ಬಿಟ್ಟು, ಎಲ್ಲ ಗಂಟೆಗೂ 60ರಂತೆ ಲೆಕ್ಕ ಹಾಕಿದರೆ 720. ದಿನಕ್ಕೆ 180 ಖೋತಾ, 25 ದಿನಕ್ಕೆ 4,500.

ಹಾಗಾದರೆ ಆಪಲ್ ಕೈಯಲ್ಲಿ ಏನಿದೆ? ಆರ್ಡರ್. ಅದರ ಸರಬರಾಜುದಾರರ ನೀತಿಸಂಹಿತೆಯಲ್ಲಿ ಓಟಿ ಸೇರಿ ವಾರಕ್ಕೆ 60 ಗಂಟೆ ಮಿತಿ, ಏಳು ದಿನಕ್ಕೊಂದು ರಜೆ ಕಡ್ಡಾಯ. ಗಲಾಟೆಯಾಗಿ ಒಂದು ವಾರಕ್ಕೆ ಆಪಲ್ ವಿಸ್ಟ್ರಾನ್ ಅನ್ನು ಪರೀಕ್ಷಾವಧಿಗೆ ಹಾಕಿ, ತಪ್ಪು ಸರಿಪಡಿಸುವವರೆಗೆ ಹೊಸ ಆರ್ಡರ್ ಇಲ್ಲ ಎಂದಿತು. ಕಂಪನಿಗೆ ಚುರುಕು ಮುಟ್ಟಿಸಲು ಇದು ಇಲಾಖೆಯ ನೋಟಿಸಿಗಿಂತ ಬಲವಾದ ಅಸ್ತ್ರ, ಆದರೆ ಪ್ರಯೋಗವಾಗುವುದು ಸುದ್ದಿಯಾದ ಮೇಲೆಯೇ ಹೆಚ್ಚು. ನೀತಿಸಂಹಿತೆ ಹಿಡಿದು ನೌಕರರು ಇಲ್ಲಿ ವಸೂಲಿಗೆ ಹೋಗಲಾಗದು.

ಆದ್ದರಿಂದ ದೂರನ್ನು ಕಾರ್ಮಿಕ ಇಲಾಖೆಗೆ ಕೊಡಿ. ಅದರಲ್ಲಿ ಏಜೆನ್ಸಿ, ಕಾರ್ಖಾನೆ ಎರಡರ ಹೆಸರೂ ಇರಲಿ. ಜೊತೆಗೆ ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಜಮೆಯ ವಿವರ ಲಗತ್ತಿಸಿ. ಹಾಜರಿ ಯಂತ್ರವನ್ನು ನಂಬಿ ಕೂರದೆ, ಒಳಗೆ ಹೋದ ಮತ್ತು ಹೊರಬಂದ ಸಮಯವನ್ನು ದಿನವೂ ಬರೆದಿಡಿ.